ಟೆರೇಸ್ ಚಿಕ್ಕದು, ಬಿಸಿಲು ಬಹಳ: ಪೊವಾಯಿಯಲ್ಲಿ ಜೋಡಿ ಸೌರಕೋಶ

ಮುಂಬಯಿ: ಹೌಸಿಂಗ್ ಸೊಸೈಟಿಯ ಟೆರೇಸ್‌ನಲ್ಲಿ ನೀರಿನ ಟಾಂಕಿ, ಲಿಫ್ಟ್ ಕೋಣೆ, ಡಿಶ್ ಆಂಟೆನಾಗಳು ಕುಳಿತ ಮೇಲೆ ಉಳಿಯುವ ಜಾಗವೆಷ್ಟು? ಒಂದು ಕಿಲೋವಾಟ್ ಸೌರಫಲಕಕ್ಕೆ ಸುಮಾರು 100 ಚದರ ಅಡಿ ಬೇಕು. ಲಿಫ್ಟ್, ಪಂಪು, ಮೆಟ್ಟಿಲ ದೀಪದ ಬಿಲ್ಲಾದರೂ ಇಳಿಯಬೇಕಾದರೆ ಇದ್ದ ಜಾಗದಲ್ಲೇ ಹೆಚ್ಚು ವಿದ್ಯುತ್ ಹುಟ್ಟಬೇಕು. ಪೊವಾಯಿಯ ಐಐಟಿಯಲ್ಲಿ 2010ರಲ್ಲಿ ಆರಂಭವಾದ ಸೌರವಿದ್ಯುತ್ ಸಂಶೋಧನೆಯ ರಾಷ್ಟ್ರೀಯ ಕೇಂದ್ರವು ಕೈಗೆತ್ತಿಕೊಂಡಿರುವ ಟಾಂಡೆಮ್, ಅರ್ಥಾತ್ ಜೋಡಿ ಸೌರಕೋಶದ ಕೆಲಸ ಈ ಕಾರಣಕ್ಕೆ ನಗರವಾಸಿಗಳು ಗಮನಿಸತಕ್ಕದ್ದು.

ಇಂದಿನ ಫಲಕಗಳು ಬಹುತೇಕ ಸಿಲಿಕಾನಿನವು. ಅದರ ದಕ್ಷತೆಗೆ ಪ್ರಕೃತಿಯೇ ಹಾಕಿದ ಮಿತಿ ಶೇ. 29ರ ಸುಮಾರು. ನೀಲಿ, ಹಸಿರು ಬೆಳಕಿನ ಶಕ್ತಿಯ ದೊಡ್ಡ ಪಾಲು ಅದರಲ್ಲಿ ಬರೀ ಬಿಸಿಯಾಗಿ ಪೋಲಾಗುತ್ತದೆ. ಜೋಡಿ ಕೋಶದಲ್ಲಿ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ತೆಳುಪದರ ಇರುತ್ತದೆ. ಅದು ನೀಲಿ-ಹಸಿರನ್ನು ಹೀರಿ, ಕೆಂಪನ್ನು ಕೆಳಕ್ಕೆ ಬಿಡುತ್ತದೆ. ದ್ರಾವಣವನ್ನು ಬಳಿದು, ಕಡಿಮೆ ಉಷ್ಣದಲ್ಲೇ ಇದನ್ನು ತಯಾರಿಸಬಹುದಾದ್ದರಿಂದ ಖರ್ಚು ಕಡಿಮೆ. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡಕ್ಕೆ ಪೆರೋವ್‌ಸ್ಕೈಟಿನಿಂದ ದಕ್ಕಿದ್ದು ಶೇ. 3.8 ಮಾತ್ರ. 2025ರಲ್ಲಿ ಚೀನಾದ ಲೋಂಗಿ ಕಂಪೆನಿಯ ಜೋಡಿ ಕೋಶ ಪ್ರಯೋಗಾಲಯದಲ್ಲಿ ಶೇ. 34.85 ಮುಟ್ಟಿತು.

ಇಷ್ಟು ಏರಿದ್ದರಲ್ಲಿ ವಿನ್ಯಾಸದ ಪಾಲು ದೊಡ್ಡದು. ಎರಡು ಕೋಶಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿದರೆ ಕಡಿಮೆ ಕರೆಂಟ್ ಕೊಡುವುದೇ ಎರಡಕ್ಕೂ ಮಿತಿ. ಒಂದೇ ಹಳಿಯಲ್ಲಿ ಸ್ಲೋ ಲೋಕಲ್‌ನ ಹಿಂದೆ ಸಿಕ್ಕಿಬಿದ್ದ ಫಾಸ್ಟ್ ಟ್ರೈನಿನಂತೆ! ಆದ್ದರಿಂದ ಮೇಲಿನ ಪದರದ ದಪ್ಪ, ಅದರ ರಾಸಾಯನಿಕ ಮಿಶ್ರಣ, ಬೆಳಕು ಪ್ರತಿಫಲಿಸದಂತೆ ಕೊಡುವ ಲೇಪ ಎಲ್ಲವನ್ನೂ ಅಳೆದು ತೂಗಬೇಕು. ಐಐಟಿ ತಂಡ ಹಿಡಿದದ್ದು ಎರಡು ಹಳಿಗಳ ದಾರಿ. ಅಲ್ಲಿ ನಾಲ್ಕು ತಂತಿ, ಎರಡು ಕೋಶಕ್ಕೂ ಪ್ರತ್ಯೇಕ ಲೆಕ್ಕ. ಪಾರದರ್ಶಕ ವಿದ್ಯುದ್ವಾರಗಳು ಹೆಚ್ಚು ಬೇಕಾಗುತ್ತವೆ, ಅವು ಸ್ವಲ್ಪ ಬೆಳಕನ್ನು ತಿನ್ನುತ್ತವೆ, ನಿಜ. ಆದರೆ ಬೆಳಿಗ್ಗೆ, ಸಂಜೆ, ಮೋಡದ ದಿನ ಬೆಳಕಿನ ಬಣ್ಣ ಬದಲಾದರೂ ಒಂದು ಇನ್ನೊಂದನ್ನು ಎಳೆಯುವುದಿಲ್ಲ.

ತೊಡಕಿರುವುದು ಬಾಳಿಕೆಯಲ್ಲಿ. ಪೆರೋವ್‌ಸ್ಕೈಟಿಗೆ ತೇವ, ಬಿಸಿ ಎರಡೂ ಆಗದು. ಮುಂಬಯಿಯಲ್ಲಿ ಇವೆರಡಕ್ಕೂ ಬರವಿಲ್ಲ. ಅದರಲ್ಲಿ ಸೀಸವೂ ಇರುವುದರಿಂದ ಗಾಜಿನ ನಡುವೆ ಭದ್ರವಾಗಿ ಮುಚ್ಚಬೇಕು. ಸಿಲಿಕಾನ್ ಫಲಕಕ್ಕೆ 25 ವರ್ಷದ ವಾರಂಟಿ ಸಿಗುವಾಗ, ಸಾಲ ಮಾಡಿ ಹಾಕಿಸುವ ಸೊಸೈಟಿ ದಕ್ಷತೆಯ ಜತೆಗೆ ವಾರಂಟಿ ಪತ್ರವನ್ನೂ ನೋಡಲೇಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂ. ಸಹಾಯಧನ ನಿಗದಿಯಾಗಿದೆ. ಜೋಡಿ ಕೋಶಕ್ಕೆಂದು ಕಾಯುತ್ತ ಅದನ್ನು ಕೈಬಿಡುವುದು ಲೆಕ್ಕಕ್ಕೆ ಹೊಂದದು.