ಚಿಗವ್ವ ಕ್ರಾಸ್ ಮಾಡಿದ ಬೀಜ ಎಲ್ಲಿಗೆ ಹೋಗುತ್ತೆ?

ನಮ್ಮೂರು ಮಾಗಳ. ಹೂವಿನಹಡಗಲಿ ತಾಲೂಕು, ತುಂಗಭದ್ರೆಯ ದಂಡೆ. ಆಫೀಸಿನಲ್ಲಿ ಊರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ, ‘ಹಡಗಲಿ ಮಲ್ಲಿಗೆ’ ಅಂದರೆ ಮಾತ್ರ ತಲೆ ಆಡಿಸ್ತಾರೆ. ಹೊಳೆಯ ಆಚೆ ಹಾವೇರಿ ಜಿಲ್ಲೆ. ನಮ್ಮ ಚಿಗವ್ವನನ್ನು ಅಲ್ಲಿ, ರಾಣೆಬೆನ್ನೂರು ತಾಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದಾರೆ. ಕಳೆದ ಸಲ ರಜೆಗೆ ಹೋದಾಗ ಅವಳ ಮನೆಗೂ ಹೋಗಿದ್ದೆ.

ಮಧ್ಯಾಹ್ನ ನಾಲ್ಕು ಗಂಟೆ. ಬಿಳಿ ಪರದೆ ಕಟ್ಟಿದ ಟೊಮೆಟೊ ಪ್ಲಾಟಿನಲ್ಲಿ ಏಳೆಂಟು ಹೆಣ್ಣುಮಕ್ಕಳು ಚಿಮುಟ ಹಿಡಿದು ಬಗ್ಗಿ ನಿಂತಿದ್ದರು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಬಿಡಿಸಿ, ಒಳಗಿನ ಹಳದಿ ಗಂಡು ಭಾಗ ಕಿತ್ತು ಹಾಕಬೇಕು. ಹೆಣ್ಣು ಭಾಗಕ್ಕೆ ಪೆಟ್ಟಾಗಬಾರದು. ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ತಂದು ಅದಕ್ಕೆ ಮುಟ್ಟಿಸಬೇಕು. ಕ್ರಾಸ್ ಆಗಿದೆ ಅನ್ನೋ ಗುರುತಿಗೆ ಹೂವಿನ ಕೆಳಗಿನ ಹಸಿರು ಎಸಳು ಎರಡು ಕತ್ತರಿಸ್ತಾರೆ. ಕೊಯ್ಲಿನಲ್ಲಿ ಗುರುತಿದ್ದ ಹಣ್ಣಷ್ಟೇ ಲೆಕ್ಕಕ್ಕೆ. ದಿನಕ್ಕೆ ನೂರಾರು ಹೂವು, ಒಂದೊಂದಕ್ಕೂ ಇದೇ ಕೆಲಸ.

“ಈ ಬೀಜ ಎಲ್ಲಿಗೆ ಹೋಗ್ತಾವಪಾ? ಕೇಳಿದ್ರ ‘ಫಾರಿನ್‌ಗೆ’ ಅಂತಾರ. ನಿನ್ನ ಮೊಬೈಲ್‌ನ್ಯಾಗ ಗೊತ್ತಾಗತ್ತೇನು?” ಅಂದಳು ಚಿಗವ್ವ.

ಗೊತ್ತಾಗಲಿಲ್ಲ. ಕೊಟ್ಟಿದ್ದ ಚೀಲದ ಮೇಲೆ ತಳಿಯ ಹೆಸರೇ ಇಲ್ಲ, ಬರೀ ಕೋಡ್ ನಂಬರ್. ಆದರೆ ಕೆದಕುತ್ತಾ ಹೋದಂತೆ ಒಂದು ದೊಡ್ಡ ಕಥೆ ಸಿಕ್ಕಿತು.

ಬೆಂಗಳೂರಿನಿಂದ ಶುರು

1965ರಲ್ಲಿ ಮನಮೋಹನ ಅತ್ತಾವರ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದರು. 1973ರಲ್ಲಿ ‘ಕರ್ನಾಟಕ’ ಎಂಬ ಟೊಮೆಟೊ, ‘ಭಾರತ್’ ಎಂಬ ದೊಣ್ಣೆ ಮೆಣಸಿನಕಾಯಿ ಹೈಬ್ರಿಡ್‌ಗಳು ಬಂದವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳ ಹೆಸರು ನೀವೂ ಕೇಳಿರ್ತೀರಿ. ಅಲ್ಲಿಯ ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಮುಟುರು, ಸೊರಗು, ಅಂಗಮಾರಿ ಈ ಮೂರೂ ರೋಗಗಳನ್ನು ತಡೆಯುತ್ತದೆ.

ತಳಿ ಹುಟ್ಟೋದು ಪ್ರಯೋಗಾಲಯದಲ್ಲಿ, ಬೀಜ ಹುಟ್ಟೋದು ಮಾತ್ರ ಹೊಲದಲ್ಲಿ. ರಾಣೆಬೆನ್ನೂರು ಸೀಮೆಯ ಸಣ್ಣ ರೈತರು ಕಂಪನಿಗಳಿಗಾಗಿ ಮಾಡುವ ಕೆಲಸ ಅದೇ. ನಮ್ಮ ದೇಶದ ತರಕಾರಿ ಬೀಜ ಆಫ್ರಿಕಾದ ದೇಶಗಳಿಗೂ ಹೋಗುತ್ತೆ.

ಅಲ್ಲಿಯ ರೈತನಿಗೆ ಏನು ಬೇಕು?

ಆಫ್ರಿಕಾದ ಬಹುಪಾಲು ರೈತರು ನಮ್ಮವರ ಹಾಗೇ, ಒಂದೆರಡು ಎಕರೆಯವರು. ಚಳಿ ದೇಶದ ತಳಿ ಅಲ್ಲಿಯ ಬಿಸಿಲು, ರೋಗ ತಡೆಯಲ್ಲ. ಅದಕ್ಕೇ ತೈವಾನ್ ಮೂಲದ ವಿಶ್ವ ತರಕಾರಿ ಕೇಂದ್ರ ಟಾಂಜಾನಿಯಾದ ಅರುಷಾದಲ್ಲಿ ಒಂದು ಕೇಂದ್ರ ನಡೆಸುತ್ತಿದೆ. ಆ ದೇಶದಲ್ಲಿ ಹೆಸರಾದ ‘ತೆಂಗೇರು 97’ ಟೊಮೆಟೊ ಬೇರುಗಂಟು ರೋಗ ತಡೆಯುತ್ತೆ, ಕೊಯ್ದ ಮೇಲೆ ಹಣ್ಣು ಹೆಚ್ಚು ದಿನ ಬಾಳುತ್ತೆ. ಕೆಟ್ಟ ರಸ್ತೆಯಲ್ಲಿ ಸಂತೆಗೆ ಸಾಗಿಸುವವರಿಗೆ ಇದು ಇಳುವರಿಯಷ್ಟೇ ಮುಖ್ಯ. ಅದು ಹೈಬ್ರಿಡ್ ಅಲ್ಲ, ಹಾಗಾಗಿ ರೈತ ತಾನೇ ಬೀಜ ಎತ್ತಿಡಬಹುದು. ಟೊಮೆಟೊ ಮಾತ್ರ ಅಲ್ಲ, ಅಲ್ಲಿಯವರು ದಿನಾ ಉಣ್ಣುವ ರಾಜಗಿರಿ ಸೊಪ್ಪು, ನಮ್ಮ ಗಣಿಕೆ ಸೊಪ್ಪಿನ ಬಳಗದ ಸೊಪ್ಪುಗಳ ತಳಿಗಳನ್ನೂ ಸುಧಾರಿಸ್ತಿದ್ದಾರೆ.

ಡಚ್ ಬೀಜ ವ್ಯಾಪಾರಿ ಮನೆತನದ ಸೈಮನ್ ಗ್ರೂಟ್ 1982ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಈಸ್ಟ್-ವೆಸ್ಟ್ ಸೀಡ್ ಕಟ್ಟಿದ್ದು ಇಂಥ ಸಣ್ಣ ರೈತರಿಗಾಗಿಯೇ. ಆ ಕಂಪನಿ ಆಮೇಲೆ ಆಫ್ರಿಕಾಕ್ಕೂ ಹೋಯಿತು. 2019ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ಚಿಗವ್ವನಿಗೆ ಬಂದ ಪೆಟ್ಟು

ಒಂದು ಕಿಲೋ ಟೊಮೆಟೊ ಬೀಜ ಅಂದರೆ ಹತ್ತಿರ ಹತ್ತಿರ ಮೂರು ಲಕ್ಷ ಕಾಳು. ಎಕರೆಗೆ 60 ಗ್ರಾಂ ಸಾಕು. ಅಂದರೆ ಒಂದು ಕಿಲೋದಲ್ಲಿ ಹದಿನಾರು ಎಕರೆ, ಎಷ್ಟೋ ಮನೆಗಳ ಒಂದು ಹಂಗಾಮು.

ಎರಡು ವರ್ಷದ ಹಿಂದೆ ಚಿಗವ್ವನ ಬೀಜ ಶುದ್ಧತೆ ಪರೀಕ್ಷೆಯಲ್ಲಿ ಫೇಲ್ ಆಯ್ತು. ಒಪ್ಪಂದದ ಪ್ರಕಾರ ನೂರಕ್ಕೆ 98 ಬೇಕಿತ್ತು. ಬೀಜ ಬಿತ್ತಿ ಬೆಳೆಸಿ ನೋಡಿ ಹೇಳೋಕೆ ಅವರಿಗೆ ತಿಂಗಳುಗಳೇ ಹಿಡಿದವು. ಕೊನೆಗೆ ಫೋನಿನಲ್ಲಿ ಒಂದೇ ಮಾತು: “ಫೇಲ್ ಆಗೇತಿ.” ಎಷ್ಟು ಬಂತು, ಎಲ್ಲಿ ತಪ್ಪಿತು ಅಂತ ಒಂದು ಚೀಟಿಯೂ ಇಲ್ಲ. ಆಳಿನ ಕೂಲಿ ಮೊದಲೇ ಕೊಟ್ಟಾಗಿತ್ತು. ಚಿಗವ್ವ ಕೈಯಲ್ಲಿದ್ದ ಬಳೆ ಒತ್ತೆ ಇಟ್ಟಳು.

ಕೇಳಿದಾಗ ನನಗೆ ಸಿಟ್ಟು ಬಂದದ್ದು ಆ ಪರೀಕ್ಷೆಯ ಮೇಲೆ. ಆಮೇಲೆ ಯೋಚಿಸಿದೆ. ನಮ್ಮ ಕೆಲಸದಲ್ಲಿ ಬಗ್ ಬಂದರೆ ರಾತ್ರಿ ಕೂತು ಪ್ಯಾಚ್ ಹಾಕ್ತೀವಿ. ಬೀಜಕ್ಕೆ ಪ್ಯಾಚ್ ಇಲ್ಲ. ಕೆಟ್ಟ ಬೀಜ ಬಿತ್ತಿದ್ದು ಗೊತ್ತಾಗೋ ಹೊತ್ತಿಗೆ ಗೊಬ್ಬರ, ನೀರು, ಮೂರು ತಿಂಗಳು ಎಲ್ಲಾ ಹೋಗಿರುತ್ತೆ. ಆ ಪರೀಕ್ಷೆ ಇಲ್ಲದಿದ್ದರೆ ಅರುಷಾದ ಹತ್ತಿರ ಇನ್ನೊಬ್ಬ ಚಿಗವ್ವ ಬಳೆ ಒತ್ತೆ ಇಡಬೇಕಾಗುತ್ತಿತ್ತು.

ಹಾಗಾಗಿ ಪರೀಕ್ಷೆ ಇರಲೇಬೇಕು. ಆದರೆ ಅದರ ನಷ್ಟವೆಲ್ಲ ಹೊಲದಲ್ಲಿ ಬಗ್ಗಿ ನಿಂತವರ ಮೇಲೇ ಯಾಕೆ ಬೀಳಬೇಕು? ರೈತರ ಎದುರಿಗೇ ಸ್ಯಾಂಪಲ್ ತೆಗೆದು ಸೀಲ್ ಮಾಡಬಹುದು, ಒಂದು ಪ್ಯಾಕೆಟ್ ರೈತರ ಹತ್ತಿರವೂ ಇರಲಿ. ಫಲಿತಾಂಶ ಕನ್ನಡದಲ್ಲಿ, ಕಾಗದದ ಮೇಲೆ ಬರಲಿ. ಡಿಎನ್ಎ ಪರೀಕ್ಷೆಯಿಂದ ತಿಂಗಳುಗಳ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತೆ. ಫೇಲ್ ಆದರೂ ಕೂಲಿಯ ಖರ್ಚಾದರೂ ಸಿಗುವಂತೆ ಒಪ್ಪಂದ ಬರೆಯಬಹುದು. ಇದ್ಯಾವುದೂ ರಾಕೆಟ್ ಹಾರಿಸುವ ಕೆಲಸವಲ್ಲ.

ಹೊರಡುವಾಗ ನನಗೆ ತಿಳಿದಷ್ಟನ್ನು ಚಿಗವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲೂ ಹೆಣಮಕ್ಳೇ ಬಿತ್ತತಾರೇನಪಾ?” ಅಂದಳು.

“ಬಾಳ ಕಡೆ ಅವ್ರೇ ಚಿಗವ್ವ.”

“ಹಂಗಾರ ಚೊಲೋ ಬೀಜಾನ ಹೋಗ್ಲಿ ಬಿಡು. ನಮ್ಮ ಚೀಟಿ ನಮಗ ಕೊಡ್ರಿ ಅಂತ ಈ ಸಲ ಕೇಳ್ತೀನಿ.”

ಈ ಹಂಗಾಮಿನ ಒಪ್ಪಂದದ ಕಾಗದವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾಳೆ. ಸಹಿ ಹಾಕೋಕೆ ಮೊದಲು ನಾನು ಓದಿ ಹೇಳಬೇಕಂತೆ. ನಿಮ್ಮ ಮನೆಯಲ್ಲೂ ಸೀಡ್ ಪ್ಲಾಟ್ ಮಾಡುವವರಿದ್ದರೆ ಅವರ ಕಾಗದವನ್ನು ಒಮ್ಮೆ ತರಿಸಿಕೊಂಡು ಓದಿ.