ಅಂಕಸಮುದ್ರಕ್ಕೆ 30,000 ನೆಂಟರು

ಮನೆಗೆ ನಾಲ್ಕು ಜನ ನೆಂಟರು ಬಂದು ಎಂಟು ದಿನ ಉಳಿದರೆ ರೊಟ್ಟಿ ಬುಟ್ಟಿ, ನೀರಿನ ತೊಟ್ಟಿ ಎರಡರ ತಳವೂ ಕಾಣತೊಡಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಬರುವ ನೆಂಟರು 30,000ಕ್ಕೂ ಹೆಚ್ಚು! ಬಂದವರು ತಿಂಗಳುಗಟ್ಟಲೆ ಇರುತ್ತಾರೆ. ಮನೆ ಕಟ್ಟುತ್ತಾರೆ, ಬಾಣಂತನ ಮುಗಿಸುತ್ತಾರೆ, ಮಕ್ಕಳ ರೆಕ್ಕೆ ಬಲಿತ ಮೇಲೆಯೇ ಹೊರಡುತ್ತಾರೆ. ರೆಕ್ಕೆ ಎಂದ ಕೂಡಲೇ ನಿಮಗೆ ತಿಳಿದಿರಬೇಕು, ಈ ನೆಂಟರು ಹಕ್ಕಿಗಳು.

ಅಂಕಸಮುದ್ರ ಹೆಸರಿಗಷ್ಟೇ ಸಮುದ್ರ. ಊರಿಗೆ ಅಂಟಿಕೊಂಡೇ ಇರುವ ಒಂದು ಕೆರೆ ಅದು. ವಿಸ್ತಾರ 244 ಎಕರೆ, ಅಂದರೆ ಹೆಚ್ಚುಕಡಿಮೆ 99 ಹೆಕ್ಟೇರ್. ನೂರಾರು ವರ್ಷಗಳ ಹಿಂದೆ ಹೊಲಕ್ಕೆ ನೀರು ಬೇಕೆಂದು ಕಟ್ಟಿದ್ದು, ಹಕ್ಕಿಗಾಗಿ ಅಲ್ಲ. ನಮ್ಮ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿದ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಿರಿಯರಿಗೆ ಕೆರೆಯ ಬೆಲೆ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಕೊಡ ಹೊತ್ತು ಎಷ್ಟು ದೂರ ನಡೆಯಬೇಕಾಗುತ್ತಿತ್ತು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಅಂಥ ಸೀಮೆಯಲ್ಲಿ ಒಂದು ಊರು ತನ್ನ ಕೆರೆಯನ್ನು ಹಕ್ಕಿಗಳ ಜೊತೆ ಹಂಚಿಕೊಂಡಿದೆ ಎಂಬುದೇ ನನಗೆ ದೊಡ್ಡ ಸುದ್ದಿ.

ಕೆರೆಯ ಅಂಗಳದಲ್ಲಿ ಕರಿಜಾಲಿ ಮರಗಳಿವೆ. ಮೈತುಂಬ ಮುಳ್ಳು, ಬುಡದಲ್ಲಿ ನೀರು. ನಮಗೆ ಬೇಡವೆನಿಸುವ ಜಾಗ ಹಕ್ಕಿಗೆ ಅರಮನೆ. ನೀರು ನಿಂತಿರುವ ತನಕ ನಾಯಿ, ಬೆಕ್ಕು, ಮುಂಗುಸಿ ಆ ಮರದ ಹತ್ತಿರ ಸುಳಿಯಲಾರವು. ಕೋಟೆಯ ಸುತ್ತ ಕಂದಕ ಇದ್ದ ಹಾಗೆ. ನೀರು ಬತ್ತಿದರೆ ಕಂದಕ ಹೋಯಿತು, ಕಾವಲೂ ಹೋಯಿತು.

ಇಲ್ಲಿನ ನೆಂಟರಲ್ಲಿ ಮುಖ್ಯರು ಇಬ್ಬರು: ಬಣ್ಣದ ಕೊಕ್ಕರೆ ಮತ್ತು ತಲೆ ಕಪ್ಪಗಿರುವ ಬಿಳಿ ಕೆಂಬರಲು. ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಮಕ್ಕಳು ನೋಡಬೇಕು. ಅದು ಕಣ್ಣಿಟ್ಟು ಬೇಟೆಯಾಡುವುದಿಲ್ಲ. ಉದ್ದನೆಯ ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಮುಳುಗಿಸಿ ಅತ್ತಿತ್ತ ಆಡಿಸುತ್ತದೆ, ಕಾಲಿನಿಂದ ಕೆಸರು ಕದಡುತ್ತದೆ. ಗಾಬರಿಬಿದ್ದ ಮೀನು ಕೊಕ್ಕಿಗೆ ತಾಗಿದ್ದೇ ತಡ, ಟಪ್ಪೆಂದು ಬಾಯಿ ಮುಚ್ಚಿತು! ಕತ್ತಲೆ ಕೋಣೆಯಲ್ಲಿ ಕೈಯಾಡಿಸಿ ಬೆಂಕಿಪೊಟ್ಟಣ ಹುಡುಕಿದಂತೆ. ಮೊಟ್ಟೆ ಎರಡರಿಂದ ಐದು. ಕಾವು ಕೂರುವುದು ಸುಮಾರು ಒಂದು ತಿಂಗಳು, ಮರಿ ಗೂಡು ಬಿಡುವುದಕ್ಕೆ ಮತ್ತೆ ಎರಡು ತಿಂಗಳು. ಬಿಸಿಲು ಏರಿದಾಗ ತಾಯಿಯೋ ತಂದೆಯೋ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತದೆ.

ಅಂದಮೇಲೆ ಗೂಡಿಗೆ ಮೊದಲ ಕಡ್ಡಿ ಇಟ್ಟಂದಿನಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಕೆರೆಯಲ್ಲಿ ನೀರು ನಿಲ್ಲಲೇಬೇಕು. ಕಷ್ಟ ಇರುವುದೇ ಇಲ್ಲಿ. ಬೆಳೆ ಒಣಗುತ್ತಿದ್ದಾಗ ಕೆರೆಯ ನೀರಿನ ಕಡೆ ನೋಡುವ ರೈತನನ್ನು ನಾನಂತೂ ತಪ್ಪೆನ್ನಲಾರೆ. ಕೆರೆ ಕಟ್ಟಿದ್ದೇ ಅವನ ಹೊಲಕ್ಕೆ. ಆದರೂ ಹಕ್ಕಿಯ ಪಾಲು ಉಳಿಯಬೇಕೆಂದರೆ ಊರಿನ ಒಪ್ಪಿಗೆ ಬೇಕು. ಬರೀ ಬೋರ್ಡು ನೆಟ್ಟರೆ ನೀರು ನಿಲ್ಲುವುದಿಲ್ಲ.

2017ರಲ್ಲಿ ಸರ್ಕಾರ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಭಯಾರಣ್ಯ ಬೇರೆ, ಇದು ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಮೀಸಲು ಪ್ರದೇಶ ಘೋಷಿಸುವ ಮೊದಲು ಸ್ಥಳೀಯ ಜನರೊಂದಿಗೆ ಸಮಾಲೋಚನೆ ಮಾಡಬೇಕು. ಆಮೇಲೆ ಸಲಹೆ ಕೊಡುವ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಕುರ್ಚಿ ಇದೆ. ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದಲೂ ಒಬ್ಬೊಬ್ಬರು ಇರುತ್ತಾರೆ. ಹಕ್ಕಿಯ ಮಾತು ಬಂದಾಗ ಹೊಲದ ಮಾತು, ದನದ ಮಾತು ಬಿಟ್ಟು ಹೋಗಬಾರದೆಂದು ಮಾಡಿದ ಏರ್ಪಾಡು. ಕಾನೂನು ಬರೆದವರು ಹಳ್ಳಿ ಕಂಡವರೇ ಇರಬೇಕು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ನೆಂಟಸ್ತಿಕೆ ಇನ್ನೂ ಹತ್ತಿರದ್ದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಜನರ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಹಣ್ಣು ಕೀಳುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರವರೇ ಸಾಕಿ ಹಾರಲು ಬಿಟ್ಟಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಿಂದೆ ಮರದಡಿ ಗುಂಡಿ ತೋಡಿ, ಹಕ್ಕಿ ಹಿಕ್ಕೆಯನ್ನು ಮಣ್ಣಿನ ಜೊತೆ ಕೊಳೆಸಿ ಹೊಲಕ್ಕೆ ಗೊಬ್ಬರ ಹೊಡೆಯುವ ಪದ್ಧತಿಯೂ ಅಲ್ಲಿತ್ತು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು ನನಗೆ ಖರ್ಚಿನ ಪಕ್ಕದಲ್ಲಿ ಜಮೆ ಹುಡುಕುವ ಚಾಳಿ. ಅಂಕಸಮುದ್ರದಲ್ಲೂ ಜಮೆ ಇದೆ. ಹಕ್ಕಿ ಹಿಕ್ಕೆ ನೀರಿಗೆ ಬಿದ್ದರೆ ಸಣ್ಣ ಸಣ್ಣ ಜೀವಿಗಳು ಹೆಚ್ಚುತ್ತವೆ, ಅವನ್ನು ತಿಂದು ಮೀನು ಬೆಳೆಯುತ್ತದೆ. ಕೆಂಬರಲು, ಬೆಳ್ಳಕ್ಕಿಗಳು ಗದ್ದೆ ಹೊಲಗಳಲ್ಲಿ ಹುಳುಹುಪ್ಪಟೆ ಹೆಕ್ಕುತ್ತವೆ. ಕೂಲಿ ಕೇಳುವುದಿಲ್ಲ.

2024ರ ಜನವರಿ 31ರಂದು ಕೇಂದ್ರ ಸರ್ಕಾರ ಹೊಸದಾಗಿ ಐದು ರಾಮ್ಸಾರ್ ತಾಣಗಳನ್ನು ಪ್ರಕಟಿಸಿತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಆದ ಒಪ್ಪಂದದಂತೆ, ಜಗತ್ತಿಗೇ ಮುಖ್ಯವಾದ ಕೆರೆ, ಜೌಗು, ಅಳಿವೆಗಳಿಗೆ ಸಿಗುವ ಮಾನ್ಯತೆ ಅದು. ಐದರಲ್ಲಿ ಮೂರು ಕರ್ನಾಟಕದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ನಮ್ಮ ಅಂಕಸಮುದ್ರ. ಅದಕ್ಕೂ ಮೊದಲು ರಾಜ್ಯದಲ್ಲಿ ಈ ಪಟ್ಟಿ ಸೇರಿದ್ದು ರಂಗನತಿಟ್ಟು ಮಾತ್ರ, 2022ರಲ್ಲಿ. ಅಂಕಸಮುದ್ರದ ಲೆಕ್ಕಪುಸ್ತಕದಲ್ಲಿ 240 ಬಗೆಯ ಹಕ್ಕಿ, 41 ಬಗೆಯ ಮೀನು, 27 ಬಗೆಯ ಚಿಟ್ಟೆ ದಾಖಲಾಗಿವೆ. ಈ ಭಾಗದ ಬಣ್ಣದ ಕೊಕ್ಕರೆಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಒಂದೇ ಕೆರೆಯನ್ನು ನಂಬಿದೆ. ಬಿಳಿ ಕೆಂಬರಲಿನ ಲೆಕ್ಕವೂ ಹಾಗೆಯೇ.

ಇಷ್ಟೆಲ್ಲ ದೊಡ್ಡ ಮಾತು ಕಡೆಗೆ ಬಂದು ನಿಲ್ಲುವುದು ಅಡುಗೆಮನೆಯ ಮೋರಿಯಲ್ಲಿ. ಕೊಟ್ಟೂರಿರಲಿ, ಹಡಗಲಿಯಿರಲಿ, ಊರಿನ ಚರಂಡಿ ತಗ್ಗು ಹುಡುಕಿಕೊಂಡೇ ಹರಿಯುತ್ತದೆ. ಆ ತಗ್ಗಿನಲ್ಲಿ ಎಷ್ಟೋ ಕಡೆ ಕೆರೆ ಇರುತ್ತದೆ. ಬಟ್ಟೆ ತೊಳೆಯುವ ಕೆಲವು ಪುಡಿಗಳಲ್ಲಿರುವ ಫಾಸ್ಫೇಟು ಕೆರೆ ಸೇರಿದರೆ ಪಾಚಿಗೆ ಗೊಬ್ಬರ. ಪಾಚಿ ಹಬ್ಬಿ, ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಮೀನು ಉಸಿರುಗಟ್ಟಿ ತೇಲುತ್ತವೆ. ಮೀನಿಲ್ಲದ ಕೆರೆಗೆ ಕೊಕ್ಕರೆ ಏಕೆ ಬಂದೀತು? ಪುಡಿ ಒಂದು ಚಮಚ ಕಡಿಮೆ ಹಾಕಿದರೆ ಅಂಗಿ ಕೊಳೆಯಾಗಿ ಉಳಿಯುವುದಿಲ್ಲ. ಪಾತ್ರೆಗೆ ಬೂದಿ, ತಲೆಗೆ ಸೀಗೆಪುಡಿ, ಬಚ್ಚಲ ನೀರು ಬಾಳೆ ಬುಡಕ್ಕೆ, ಹಳೆ ಸೀರೆ ಕೌದಿಗೆ. ಅಜ್ಜಿಯರು ಇದನ್ನು ಪರಿಸರವೆಂದು ಮಾಡಲಿಲ್ಲ, ದುಡ್ಡಿಗೆ ದಾರಿಯಿಲ್ಲದೆ ಮಾಡಿದರು. ಮಾಡಿದ್ದು ಮಾತ್ರ ಕೆರೆಗೂ ಒಳ್ಳೆಯದಾಯಿತು.

ಮಕ್ಕಳೇ, ಈ ಭಾನುವಾರ ಅಜ್ಜನನ್ನು ಕರೆದುಕೊಂಡು ನಿಮ್ಮ ಮನೆಯ ಮೋರಿ ನೀರು ಎಲ್ಲಿಗೆ ಹೋಗುತ್ತದೆಂದು ಅದರ ಜೊತೆಗೇ ನಡೆದು ನೋಡಿ. ದಾರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಚೀಲ, ಶಾಂಪೂ ಚೀಟಿ, ಗಾಳಿಪಟದ ನೈಲಾನ್ ದಾರಗಳನ್ನು ಎಣಿಸಿ ಬರೆದುಕೊಳ್ಳಿ. ದಾರ ಕಂಡರೆ ಬಿಡದೆ ಎತ್ತಿಕೊಳ್ಳಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದಕ್ಕೆ ಅದಕ್ಕೆ ಕೈಯಿಲ್ಲ.

ಅಂಕಸಮುದ್ರಕ್ಕೆ ಹೋಗುವವರು ಚಳಿಗಾಲದಲ್ಲಿ ಹೋಗಿ, ಹೊತ್ತು ಮುಳುಗುವ ಮುಂಚೆ ಏರಿಯ ಮೇಲೆ ನಿಲ್ಲಿ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವ ಚಪಲ ಬೇಡ. ಬೆದರಿ ಎದ್ದ ತಾಯಿ ಗೂಡು ಬಿಟ್ಟರೆ ಮೊಟ್ಟೆ ಕಾಗೆಯ ಪಾಲು. ಸುಮ್ಮನೆ ನಿಂತರೆ ಸಾಕು, ಮೇಯಲು ಹೋದ ಗುಂಪುಗಳು ಒಂದೊಂದಾಗಿ ತಿರುಗಿ ಬರುತ್ತವೆ. ಒಂದೊಂದು ಜಾಲಿ ಮರದಲ್ಲೂ ಜಾಗಕ್ಕಾಗಿ ಜಗಳ ಶುರುವಾಗುತ್ತದೆ, ಜಾತ್ರೆಯ ದಿನ ಕೊಟ್ಟೂರು ಬಸ್ಸಿನಲ್ಲಿ ಸೀಟಿಗೆ ಆಗುವ ಹಾಗೆ.