ವೇಗದ ಕಾರು, ಮನೆಯ ಲೆಕ್ಕ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜಯನಗರ, ಜೆ. ಪಿ. ನಗರ, ಬನಶಂಕರಿಗಳ ಮನೆಯಂಗಳಗಳಲ್ಲಿ, ನೆಲಕ್ಕೆ ಹೊಟ್ಟೆಯೂರಿ ಮಲಗಿದಂತೆ ತೋರುವ ಸ್ಪೋರ್ಟ್ಸ್ ಕಾರುಗಳು ಈಗ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಇವುಗಳನ್ನಿಟ್ಟವರೆಲ್ಲರೂ ಕೋಟ್ಯಧೀಶರೆಂದು ವಾಚಕರು ಭಾವಿಸಬೇಕಾದುದಿಲ್ಲ. ಹತ್ತು ಹನ್ನೆರಡು ವರ್ಷ ಓಡಿದ ಆಡಿ ಟಿಟಿ ಕಾರು ಎರಡನೆಯ ಇಲ್ಲವೆ ಮೂರನೆಯ ಕೈಗೆ ಬರುವ ಹೊತ್ತಿಗೆ ಅದರ ಬೆಲೆ ಹೊಸ ಸಂಸಾರದ ಕಾರೊಂದರ ಬೆಲೆಯ ಆಸುಪಾಸಿಗೆ ಇಳಿದಿರುತ್ತದೆ. ಮಗನ ಆಸೆಗೆ ತಂದೆ ಮಣಿಯುತ್ತಾನೆ. ಕೆಲವು ಮನೆಗಳಲ್ಲಿ ಆಸೆ ತಂದೆಯದೇ ಆಗಿದ್ದು ಮಗನ ಹೆಸರು ನೆಪಮಾತ್ರವಾಗಿರುವುದೂ ಉಂಟು. ಕಾರು ಬರುತ್ತದೆ, ಪೂಜೆಯಾಗುತ್ತದೆ, ಚಕ್ರದಡಿಯಲ್ಲಿ ನಿಂಬೆಹಣ್ಣು ಜಜ್ಜಿಹೋಗುತ್ತದೆ. ವರ್ಷ ತುಂಬಿದ ಮೇಲೆ ಕಂಪನಿಯ ಷೋರೂಮಿನವರು ಸರ್ವೀಸಿಗೆಂದು ಕೊಡುವ ಅಂದಾಜುಪಟ್ಟಿಯನ್ನು ನೋಡಿ ಗೃಹಿಣಿಯು ಕೇಳುವ ಪ್ರಶ್ನೆ ಒಂದೇ: ಕೊಳ್ಳುವಾಗ ಬೆಲೆ ಇಳಿದಿತ್ತಲ್ಲ, ಸಾಕುವ ಖರ್ಚೇಕೆ ಇಳಿಯಲಿಲ್ಲ?

ಪ್ರಶ್ನೆ ನ್ಯಾಯವಾದುದು. ಕಾರು ಹಳೆಯದಾದಷ್ಟೂ ಅದರ ಬೆಲೆ ಕುಗ್ಗುತ್ತದೆಯೇ ಹೊರತು ಬಿಡಿಭಾಗದ ದರವಾಗಲಿ ಕೆಲಸದ ಕೂಲಿಯಾಗಲಿ ಕುಗ್ಗುವುದಿಲ್ಲ. ಆಗ ಬಹುಮಂದಿ ಮಾಡುವುದೇನೆಂದರೆ, "ಹೇಗೂ ಕಡಿಮೆ ಓಡಿಸುತ್ತೇವೆ" ಎಂದು ಸರ್ವೀಸನ್ನೇ ಮುಂದಕ್ಕೆ ಹಾಕುವುದು. ಷೋರೂಮಿನ ಬಿಲ್ಲಿಗಿಂತ ಈ ಉಳಿತಾಯವೇ ದುಬಾರಿಯೆಂದು ನಾವು ಧಾರಾಳವಾಗಿ ಹೇಳಬಲ್ಲೆವು.

ನಿಯತಕಾಲದ ಸರ್ವೀಸೆಂದರೆ ಏನು? ಎಂಜಿನ್ ಎಣ್ಣೆಯನ್ನೂ ಫಿಲ್ಟರುಗಳನ್ನೂ ಬದಲಿಸುವುದು. ಗೊತ್ತಾದಷ್ಟು ದೂರ ಓಡಿದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಹೊಸದು ಮಾಡುವುದು. ಬ್ರೇಕಿನ ಪ್ಯಾಡು, ಬ್ರೇಕ್ ಆಯಿಲು, ಟೈರುಗಳನ್ನು ಪರೀಕ್ಷಿಸುವುದು. ಇಷ್ಟರಲ್ಲಿ ರಹಸ್ಯವಿದ್ಯೆ ಯಾವುದೂ ಇಲ್ಲ. ತಕ್ಕ ಪದಾರ್ಥ, ತಕ್ಕ ಸಲಕರಣೆ, ಪುಸ್ತಕದಲ್ಲಿ ಹೇಳಿದಂತೆ ನಡೆಯುವ ತಾಳ್ಮೆ, ಇವು ಮೂರಿದ್ದರೆ ಹೊರಗಿನ ಗ್ಯಾರೇಜಿನಲ್ಲಿಯೂ ಕೆಲಸ ಚೆನ್ನಾಗಿಯೇ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಗೃಹಸ್ಥರು ತಿಳಿದಿರುವುದು ಲಾಭಕರ. ಆಡಿ, ಸ್ಕೋಡಾ, ಫೋಕ್ಸ್‌ವ್ಯಾಗನ್ ಮೂರೂ ಒಂದೇ ಮನೆತನದ ಸಂಸ್ಥೆಗಳು. ೨೦೦೬ರಲ್ಲಿ ಹೊರಬಂದ ಎರಡನೆಯ ತಲೆಮಾರಿನ ಟಿಟಿಯ ಅಡಿಗಟ್ಟೂ, ನಮ್ಮ ದೇಶದಲ್ಲಿ ಲಾರಾ ಎಂಬ ಹೆಸರಿನಿಂದ ಮಾರಾಟವಾದ ಸ್ಕೋಡಾ ಕಾರಿನ ಅಡಿಗಟ್ಟೂ ಒಂದೇ ಕುಲದವು. ಲಾರಾವನ್ನು ಬಿಚ್ಚಿ ಜೋಡಿಸಿ ಪಳಗಿದ ಮೆಕ್ಯಾನಿಕ್ಕಿಗೆ ಟಿಟಿಯ ಹೊಟ್ಟೆ ಪರದೇಶವಲ್ಲ. ಹಲವು ಭಾಗಗಳ ಮೇಲೆ ಅಚ್ಚಾಗಿರುವ ಸಂಖ್ಯೆಯೂ ಒಂದೇ. ಸಂಖ್ಯೆ ಒಂದೇ ಆಗಿರುವೆಡೆ ಮಾತ್ರ ಈ ನೆಂಟಸ್ತಿಕೆಯನ್ನು ನಂಬತಕ್ಕದ್ದು. ನೋಡಲು ಹಾಗೆಯೇ ಇದೆಯೆಂದು ಇನ್ನೊಂದು ಕಾರಿನ ಬ್ರೇಕ್ ಪ್ಯಾಡನ್ನು ತುರುಕುವವನ ಬಾಗಿಲಿಗೆ ಹೋಗಲಾಗದು.

ಕಾರಿನ ಕಂಪನಿಗಳು ಪ್ಲಗ್ಗು, ಫಿಲ್ಟರುಗಳನ್ನು ಬಹುಮಟ್ಟಿಗೆ ತಾವೇ ತಯಾರಿಸುವುದಿಲ್ಲ. ಬಾಷ್, ಮಾನ್, ಮಾಹ್ಲೆ ಮೊದಲಾದವರಿಂದ ಮಾಡಿಸಿಕೊಳ್ಳುತ್ತವೆ. ಬಾಷ್ ಎಂಬ ಹೆಸರು ನಮ್ಮೂರಿಗೆ ಹೊಸದಲ್ಲ. ೧೯೫೧ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ೨೦೦೮ರಲ್ಲಿ ಅದೇ ಹೆಸರನ್ನು ತಳೆಯಿತು. ಬಿಟಿಎಂ ಬಡಾವಣೆಯ ಮೈಕೋ ಲೇಔಟು ಹಳೆಯ ಹೆಸರನ್ನು ಇಂದಿಗೂ ಹೊತ್ತಿದೆ. ತಯಾರಕರ ಸ್ವಂತ ಪೆಟ್ಟಿಗೆಯಲ್ಲಿ ಬರುವ ಭಾಗಕ್ಕೂ ಕಾರು ಕಂಪನಿಯ ಮುದ್ರೆಯ ಪೆಟ್ಟಿಗೆಯಲ್ಲಿ ಬರುವ ಭಾಗಕ್ಕೂ ಅನೇಕ ವೇಳೆ ಗುಣದಲ್ಲಿ ಭೇದವಿಲ್ಲ, ಬೆಲೆಯಲ್ಲಿ ಮಾತ್ರ ಉಂಟು. ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ ವಿಚಾರಿಸಬಹುದು. ನಕಲಿ ಪ್ಲಗ್ಗು, ನಕಲಿ ಎಣ್ಣೆಗಳೂ ಪೇಟೆಯಲ್ಲಿರುವುದರಿಂದ ಬಿಲ್ಲು ಕೊಡದವನಲ್ಲಿ ಕೊಳ್ಳಬಾರದು. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೋಟಾರು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ತೆರಿಗೆ ಶೇಕಡ ೧೮ ಆಗಿದೆ. ಹಿಂದಿನ ೨೮ನ್ನು ಈಗಲೂ ಬರೆಯುವವರ ಬಿಲ್ಲನ್ನು ಹಿಂದಿರುಗಿಸಿರಿ.

ಬ್ರೇಕ್ ಆಯಿಲಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಇಲ್ಲಿ ಪ್ರಶ್ನೆ ಹಣದ್ದಲ್ಲ, ಪ್ರಾಣದ್ದು. ಈ ದ್ರವವು ಗಾಳಿಯಲ್ಲಿನ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಡಾಟ್ ೪ ಎಂಬ ದರ್ಜೆಯದು ಹೊಸದಾಗಿದ್ದಾಗ ೨೩೦ ಡಿಗ್ರಿ ಸೆಂಟಿಗ್ರೇಡಿಗಿಂತ ಮೊದಲು ಕುದಿಯಬಾರದೆಂದು ನಿಯಮ. ಶೇಕಡ ನಾಲ್ಕರಷ್ಟು ನೀರು ಸೇರುವ ಹೊತ್ತಿಗೆ ಆ ಮಿತಿ ೧೫೫ಕ್ಕೆ ಇಳಿಯುತ್ತದೆ. ಜಯನಗರದಿಂದ ಬನಶಂಕರಿಗೆ ಆಮೆಯ ನಡಿಗೆಯಲ್ಲಿ ಹೋಗುವಾಗ ಇದರ ಪರಿಣಾಮ ತಿಳಿಯುವುದೇ ಇಲ್ಲ. ಭಾನುವಾರ ಬೆಳಿಗ್ಗೆ ಅದೇ ಕಾರು ನಂದಿಬೆಟ್ಟದ ತಿರುವುಗಳಲ್ಲಿ ರಭಸದಿಂದ ಇಳಿಯುವಾಗ ಬ್ರೇಕು ಕಾಯುತ್ತದೆ, ಒಳಗಿನ ನೀರು ಆವಿಯಾಗುತ್ತದೆ, ಪೆಡಲು ಒತ್ತಿದರೆ ಪಾದ ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ. ಓಡಲಿ ಓಡದಿರಲಿ, ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲೇಬೇಕು. ಸರ್ವೀಸಿನ ಖರ್ಚುಗಳಲ್ಲಿ ಇದು ಅತ್ಯಲ್ಪವಾದವುಗಳಲ್ಲೊಂದು.

ಹೊರಗಡೆ ಕೆಲಸ ಮಾಡಿಸಿದರೆ ವಾರಂಟಿ ಹೋಗುವುದೆಂಬ ಭಯ ಹಲವರಿಗಿದೆ. ಭಾರತದ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟಿನಲ್ಲಿ ೧೪ ಕಾರು ಕಂಪನಿಗಳ ಮೇಲೆ ೨,೫೦೦ ಕೋಟಿ ರೂಪಾಯಿಗಳಿಗೂ ಮೀರಿದ ದಂಡವನ್ನು ವಿಧಿಸಿ, ಬಿಡಿಭಾಗಗಳೂ ಪರೀಕ್ಷಾ ಸಲಕರಣೆಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯುವಂತಾಗಬೇಕೆಂದೂ, ಹೊರಗೆ ಸರ್ವೀಸು ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಪೂರ್ತಿ ರದ್ದುಮಾಡಬಾರದೆಂದೂ, ಹೊರಗಿನ ಕೆಟ್ಟ ಕೆಲಸದಿಂದಲೇ ಉಂಟಾದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದೆಂದೂ ಆಜ್ಞಾಪಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದಕಾರಣ ವಾರಂಟಿ ಇನ್ನೂ ಉಳಿದಿರುವ ಹೊಸ ಕಾರಿನವರು ಅವಧಿ ಮುಗಿಯುವವರೆಗೆ ಷೋರೂಮಿನಲ್ಲಿಯೇ ಇರುವುದು ಜಾಣತನ. ಅವಧಿ ತೀರಿದ ಹಳೆಯ ಕಾರಿನವರಿಗೆ ಈ ಭಯದ ಕಾರಣವೇ ಇಲ್ಲ. ಕಂಪನಿಯೇ ದೋಷವನ್ನೊಪ್ಪಿ ವಾಪಸು ಕರೆಯುವ ಏರ್‌ಬ್ಯಾಗು ಮೊದಲಾದ ಭಾಗಗಳಿಗಾಗಿ ಮಾತ್ರ, ಕಾರು ಎಷ್ಟೇ ಹಳೆಯದಾಗಿರಲಿ, ಷೋರೂಮಿಗೇ ಹೋಗತಕ್ಕದ್ದು. ಅದು ಧರ್ಮಾರ್ಥವಾಗಿ ಆಗುವ ಕೆಲಸ.

ಇನ್ನು ಗ್ಯಾರೇಜನ್ನು ಆರಿಸುವ ಬಗೆ. ಬೋರ್ಡಿನ ಹೊಳಪನ್ನೂ, ಮುಂದೆ ನಿಂತ ಕಾರುಗಳ ಅಂದವನ್ನೂ ನೋಡಿ ಮರುಳಾಗದೆ ಮೆಕ್ಯಾನಿಕ್ಕನ್ನು ಒಂದೆರಡು ಪ್ರಶ್ನೆ ಕೇಳಬೇಕು. ಟಿಟಿಯ ಎರಡು ಕ್ಲಚ್ಚಿನ, ಆರು ಗೇರಿನ ಪೆಟ್ಟಿಗೆಗೆ ೬೦,೦೦೦ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕು. ಎಣ್ಣೆಯ ಮಟ್ಟವನ್ನು ಅದು ೩೫ರಿಂದ ೪೫ ಡಿಗ್ರಿ ಬಿಸಿ ಇರುವಾಗ ಅಳೆಯಬೇಕು. "ಹೇಗೆ ಮಾಡುತ್ತೀರಪ್ಪ?" ಎಂದು ಕೇಳಿದರೆ, "ಸ್ಕ್ಯಾನರಿನಲ್ಲಿ ಬಿಸಿ ನೋಡಿಕೊಂಡು ಮಾಡುತ್ತೇವೆ ಸಾರ್" ಎಂದವನು ಬಲ್ಲವನು. "ಅದಕ್ಕೆ ಆಯುಷ್ಯಪೂರ್ತಿ ಎಣ್ಣೆ ಬೇಡ ಸಾರ್" ಎಂದವನಿಗೆ ನಮಸ್ಕಾರ ಹೇಳಿ ಬರಬಹುದು. ಎಂಜಿನ್ ಎಣ್ಣೆಯ ವಿಷಯದಲ್ಲಿಯೂ ಹಾಗೆಯೇ: ಒಳ್ಳೆಯ ಸಿಂಥೆಟಿಕ್ ಎಂದರೆ ಸಾಲದು, ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್ ೫೦೨ ಅಥವಾ ೫೦೪ ಎಂಬ ಒಪ್ಪಿಗೆಯ ಸಂಖ್ಯೆ, ನಿಮ್ಮ ಕಾರಿನ ಪುಸ್ತಕದಲ್ಲಿರುವಂತೆ, ಇರಬೇಕು. ಕಾರನ್ನು ಎತ್ತಲು ನೆಲಮಟ್ಟದಲ್ಲಿ ನುಸುಳಬಲ್ಲ ಜ್ಯಾಕೋ ಲಿಫ್ಟೋ ಇದೆಯೇ ಎಂಬುದನ್ನೂ ನೋಡಿಕೊಳ್ಳಿರಿ. ಬಗ್ಗಿದ ಅಂಚಿನ ರಿಪೇರಿ ಉಳಿತಾಯವನ್ನೆಲ್ಲ ನುಂಗುತ್ತದೆ.

ಮೊದಲ ಸಲ ಎಣ್ಣೆ, ಫಿಲ್ಟರುಗಳ ಸಣ್ಣ ಕೆಲಸವನ್ನೇ ಕೊಟ್ಟು ಪರೀಕ್ಷಿಸಿರಿ. ಕೂಲಿಯನ್ನು ಮೊದಲೇ ಬರೆಯಿಸಿಕೊಳ್ಳಿರಿ. ಕಾರನ್ನು ಬೆಳಿಗ್ಗೆ ಬಿಟ್ಟರೆ ಜಯನಗರ, ಬನಶಂಕರಿ, ಜೆ. ಪಿ. ನಗರದವರಿಗೆ ಹಸಿರು ಮಾರ್ಗದ ಮೆಟ್ರೋ, ಬಿಟಿಎಂ ಬಡಾವಣೆಯವರಿಗೆ ೨೦೨೫ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗ ಮನೆಗೆ ಮರಳಲು ಅನುಕೂಲವಾಗಿದೆ. ಸಂಜೆ ಹೋದಾಗ ಹಳೆಯ ಫಿಲ್ಟರು, ಪ್ಲಗ್ಗು, ಪ್ಯಾಡುಗಳನ್ನು ಕೇಳಿ ಪಡೆದು ನೋಡಿರಿ, ಖಾಲಿಯಾದ ಎಣ್ಣೆಯ ಡಬ್ಬಗಳನ್ನು ಮರುಬಳಕೆಯಾಗದಂತೆ ಅಲ್ಲಿಯೇ ಕತ್ತರಿಸಿ ಹಾಕಿಸಿರಿ. ಓಡಿದ ಕಿಲೋಮೀಟರು, ತಾರೀಖು, ಭಾಗಗಳ ಸಂಖ್ಯೆ ಬರೆದ ಬಿಲ್ಲುಗಳನ್ನು ಮನೆಯ ತೆರಿಗೆ ರಸೀದಿಗಳೊಡನೆ ಒಂದು ಕಡತದಲ್ಲಿಡಿರಿ. ಮುಂದೆ ಕಾರನ್ನು ಮಾರುವ ದಿನ ಕೊಳ್ಳುವವನು ಷೋರೂಮಿನ ಮುದ್ರೆ ಎಲ್ಲಿಯೆಂದು ಕೇಳಿದಾಗ, ಆ ಕಡತವನ್ನೇ ಅವನ ಮುಂದಿಡಬಹುದು.